ವಾಲ್ಪಾರೈ: ಕಾಡು, ನೀರು, ಗಾಳಿ ಕೊಡುವ ಧೈರ್ಯ

ತಮಿಳುನಾಡಿನ ವಾಲ್ಪಾರೈಯ ಚಹಾ ಗಿಡಕ್ಕೆ ಜಗತ್ತಿನ ರಾಜಕೀಯ ಹೊಸದಲ್ಲ. 1885ರಲ್ಲಿ ಬರ್ಮಾದ ದೊರೆ ತೀಬಾನ ಆಸ್ಥಾನವು ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿಗೆ ಭಾರಿ ದಂಡ ಹಾಕಿತು. ಕಡಿದ ತೇಗದ ಲೆಕ್ಕವನ್ನು ಕಂಪನಿ ಮುಚ್ಚಿಟ್ಟಿದೆ ಎಂಬುದು ಆರೋಪ. ಅದನ್ನೇ ನೆಪ ಮಾಡಿಕೊಂಡು ಬ್ರಿಟಿಷರು ಯುದ್ಧ ಹೂಡಿದರು. ಕೆಲವೇ ವಾರಗಳಲ್ಲಿ ತೀಬಾ ಸಿಂಹಾಸನ ಕಳೆದುಕೊಂಡು ರತ್ನಾಗಿರಿಗೆ ಗಡಿಪಾರಾದ. ಅದೇ ಕಂಪನಿ ಮುಂದೆ ಆನೈಮಲೈ ಬೆಟ್ಟಗಳಿಗೂ ಬಂದು, ವಾಲ್ಪಾರೈ ಸೀಮೆಯ ಮುಡೀಸ್‌ನಲ್ಲಿ ಚಹಾ ಬೆಳೆಯಿತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಿಂದ ಶ್ರೀಲಂಕಾದ ಚಹಾ ತೋಟಗಳಲ್ಲಿ ದುಡಿಯುತ್ತಿದ್ದ ಲಕ್ಷಾಂತರ ತಮಿಳರು ಭಾರತಕ್ಕೆ ಬರಬೇಕಾಯಿತು. ಅವರಿಗೆ ದುಡಿಮೆ ಕೊಡಲು ತಮಿಳುನಾಡು ಸರ್ಕಾರ ಬೆಳೆಸಿದ ‘ಟ್ಯಾನ್‌ಟೀ’ ನಿಗಮದ ತೋಟಗಳು ವಾಲ್ಪಾರೈಯಲ್ಲೂ ಇವೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ದಕ್ಷಿಣ ಭಾರತದ ಚಹಾ ತನ್ನ ದೊಡ್ಡ ಗಿರಾಕಿಯನ್ನೇ ಕಳೆದುಕೊಂಡಿತು. ಆ ದಶಕದ ಕೊನೆಗೆ ಬೆಲೆ ನೆಲ ಕಚ್ಚಿತು. ಬರ್ಮಾ, ಕೊಲಂಬೊ, ಮಾಸ್ಕೊಗಳಲ್ಲಿ ನಡೆದದ್ದಕ್ಕೆಲ್ಲ ಈ ಗುಡ್ಡದ ಮೇಲಿನ ಕಾರ್ಮಿಕರ ಲೈನ್‌ಮನೆಗಳು ಬೆಲೆ ತೆತ್ತಿವೆ.

ಪೊಲ್ಲಾಚಿಯಿಂದ ಆಳಿಯಾರ್ ಅಣೆಕಟ್ಟು ದಾಟಿದರೆ ಘಾಟಿ ಶುರು. ನಲವತ್ತು ಹೇರ್‌ಪಿನ್ ತಿರುವುಗಳನ್ನು ಹತ್ತಿ ಹೋದ ಮೇಲೆ ಸಮುದ್ರಮಟ್ಟದಿಂದ ಸುಮಾರು 3,500 ಅಡಿ ಎತ್ತರದಲ್ಲಿ ವಾಲ್ಪಾರೈ. ಅಲ್ಲಿನ ಪ್ರಸ್ಥಭೂಮಿ ಸುಮಾರು 220 ಚದರ ಕಿ.ಮೀ. ಅದರ ಬಹುಭಾಗ ಚಹಾ. ಅಲ್ಲಲ್ಲಿ ಕಾಫಿ, ಏಲಕ್ಕಿ. ಸುತ್ತಲೂ ಆನೈಮಲೈ ಮತ್ತು ಪರಂಬಿಕುಲಂ ಹುಲಿ ಸಂರಕ್ಷಿತ ಪ್ರದೇಶಗಳು, ಕೇರಳದ ವಾಳಚ್ಚಾಲ್ ಅರಣ್ಯ. ತಮಿಳುನಾಡಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದಾದ ಚಿನ್ನಕಲ್ಲಾರ್ ಇಲ್ಲೇ ಇದೆ. ಬೆಟ್ಟದಿಂದ ಇಳಿದರೆ ಪೊಲ್ಲಾಚಿಯ ತೆಂಗು, ಉಡುಮಲೈಪೇಟೆಯ ಗಾಳಿಯಂತ್ರ, ತಿರುಪ್ಪೂರಿನ ಬನಿಯನ್ ಮಿಲ್ಲು. ಕಾಡು, ತೋಟ, ಅಣೆಕಟ್ಟು, ಕಾರ್ಖಾನೆ ಎಲ್ಲವೂ ಒಂದೇ ದಿನದ ಹಾದಿಯಲ್ಲಿ ಹೀಗೆ ಒಂದಕ್ಕೊಂದು ಹೆಣೆದುಕೊಂಡ ಸೀಮೆಗಳು ದಕ್ಷಿಣ ಭಾರತದಲ್ಲಿ ಹೆಚ್ಚಿಲ್ಲ.

ಈ ಸೀಮೆಗೆ ಕಳೆದ ಕೆಲವು ವರ್ಷಗಳಲ್ಲಿ ಪೆಟ್ಟಿನ ಮೇಲೆ ಪೆಟ್ಟು ಬಿದ್ದಿದೆ. ಮೊದಲನೆಯದು ಗೊಬ್ಬರದ್ದು. ಚಹಾದಲ್ಲಿ ಎಲೆಯೇ ಬೆಳೆ. ವರ್ಷವಿಡೀ ಚಿಗುರು ಚಿವುಟಿಸಿಕೊಳ್ಳುವ ಗಿಡಕ್ಕೆ ಸಾರಜನಕದ ಹಸಿವು ದೊಡ್ಡದು. ಆ ಸಾರಜನಕ ಬರುವುದು ಯೂರಿಯಾದಿಂದ, ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. ನಮ್ಮ ಗೊಬ್ಬರ ಕಾರ್ಖಾನೆಗಳು ಬಳಸುವ ಅನಿಲದಲ್ಲಿ ದೊಡ್ಡ ಪಾಲು ಹಡಗಿನಲ್ಲಿ ಬರುತ್ತದೆ. ಕತಾರ್‌ನಿಂದ ಹೊರಟದ್ದು ಹೋರ್ಮುಜ್ ಜಲಸಂಧಿಯನ್ನು ದಾಟಲೇಬೇಕು. ಪೊಟ್ಯಾಷ್ ಅಂತೂ ಬಹುತೇಕ ಪೂರ್ತಿ ಹೊರಗಿನಿಂದಲೇ ಬರಬೇಕು. ರಷ್ಯಾ ಮತ್ತು ಬೆಲಾರೂಸ್ ಅದರ ದೊಡ್ಡ ಉತ್ಪಾದಕರು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಅನಿಲವೂ ಪೊಟ್ಯಾಷೂ ಒಟ್ಟಿಗೆ ದುಬಾರಿಯಾದವು. ಆ ಹೊರೆ ರೈತನ ಮೇಲೆ ಬೀಳದಿರಲೆಂದು ಕೇಂದ್ರ ಸರ್ಕಾರ 2022–23ರಲ್ಲಿ ಗೊಬ್ಬರದ ಸಬ್ಸಿಡಿಗೆ ಸುರಿದ ಹಣ ಸುಮಾರು 2.5 ಲಕ್ಷ ಕೋಟಿ ರೂಪಾಯಿ.

ಗೊಬ್ಬರದ ಪೆಟ್ಟು ಆರುವ ಮೊದಲೇ ಸಾಗಣೆಯದು ಬಿತ್ತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರುಮಾಡಿದರು. ಯುರೋಪಿಗೆ ಹೊರಟ ಚಹಾ, ಕಾಫಿ, ಬಟ್ಟೆಯ ಕಂಟೇನರುಗಳು ಆಫ್ರಿಕಾ ಖಂಡವನ್ನೇ ಸುತ್ತಿ ಹೋಗಬೇಕಾಯಿತು. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ನಡುವೆ ಹನ್ನೆರಡು ದಿನಗಳ ಯುದ್ಧ ನಡೆಯಿತು. ಇರಾನ್ ನಮ್ಮ ಚಹಾದ ಹಳೆಯ ಗಿರಾಕಿ. ಅದೇ ವರ್ಷದ ಆಗಸ್ಟ್ 27ರಿಂದ ಅಮೆರಿಕ ಭಾರತದ ಹಲವು ಸರಕುಗಳ ಮೇಲೆ ಶೇ 50ರಷ್ಟು ಸುಂಕ ಹೇರಿತು. ವರ್ಷಕ್ಕೆ 40,000 ಕೋಟಿ ರೂಪಾಯಿಗೂ ಹೆಚ್ಚಿನ ಉಡುಪು ರಫ್ತು ಮಾಡುವ ತಿರುಪ್ಪೂರಿನಲ್ಲಿ ಆರ್ಡರುಗಳು ನಿಂತವು. ಆ ವರ್ಷದ ಜನವರಿಯಲ್ಲೇ ಅಮೆರಿಕ ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಎರಡನೇ ಸಲ ಹೊರನಡೆಯುವುದಾಗಿ ಸಾರಿತ್ತು.

ಇಂಥ ಹೊತ್ತಿನಲ್ಲಿ ಸುಸ್ಥಿರ ಕೃಷಿ, ಶುದ್ಧ ಇಂಧನ ಎಂದು ಮಾತಾಡುವವರನ್ನು ಜನ ಅನುಮಾನದಿಂದ ನೋಡುತ್ತಾರೆ. ಮೊದಲು ಬದುಕು ಉಳಿಯಲಿ, ಪರಿಸರದ ಮಾತು ಆಮೇಲೆ ಎನ್ನುತ್ತಾರೆ. ವಾಲ್ಪಾರೈ ಮತ್ತು ಅದರ ಕೆಳಗಿನ ಬಯಲಿನ ಅನುಭವ ಬೇರೆಯೇ ಹೇಳುತ್ತದೆ. ದೂರದ ಸಮುದ್ರ ದಾಟಿ ಬರುವ ಅನಿಲ, ಪೊಟ್ಯಾಷ್, ಕಲ್ಲಿದ್ದಲನ್ನು ಎಷ್ಟು ಕಡಿಮೆ ನೆಚ್ಚಿಕೊಂಡರೆ ಬೇರೆಯವರ ಯುದ್ಧ ಅಷ್ಟು ಕಡಿಮೆ ಸುಡುತ್ತದೆ. ಆದರೆ ಆ ಸ್ವಾವಲಂಬನೆಯನ್ನು ಬಿಕ್ಕಟ್ಟು ಬಂದ ದಿನ ಕಟ್ಟಲಾಗದು. ಈಗ ಆಸರೆಯಾಗಿ ನಿಂತಿರುವ ಹೆಚ್ಚಿನ ಕೆಲಸಗಳು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಂದೆ ಶುರುವಾದವು.

ಮೊದಲು ಕಾಡಿನ ಕೆಲಸ. ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆ 1996ರಲ್ಲಿ ಹುಟ್ಟಿತು. ಅದರ ವಿಜ್ಞಾನಿಗಳಾದ ದಿವ್ಯಾ ಮುದ್ದಪ್ಪ ಮತ್ತು ಟಿ.ಆರ್. ಶಂಕರ್ ರಾಮನ್ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ವಾಲ್ಪಾರೈಯಲ್ಲಿ ನೆಲೆ ನಿಂತು ದುಡಿದಿದ್ದಾರೆ. ಚಹಾ ನೆಡುವಾಗ ಕಡಿಯದೆ ಬಿಟ್ಟ ಮಳೆಕಾಡಿನ ತುಣುಕುಗಳು ಎಸ್ಟೇಟುಗಳ ನಡುವೆ ಇನ್ನೂ ಉಳಿದಿವೆ. ಕೆಲವು ಕೆಲವೇ ಎಕರೆ, ಕೆಲವು ನೂರಾರು ಎಕರೆ. ಅವುಗಳಲ್ಲಿ ಹಲವು ಲಂಟಾನಾ ತುಂಬಿ, ಸೌದೆಗೆ ಬರಿದಾಗಿ ಸಾಯುತ್ತಿದ್ದವು. ಈ ತಂಡ ತೋಟದ ಕಂಪನಿಗಳೊಂದಿಗೆ ಮಾತಾಡಿ ಕಳೆ ಕಿತ್ತು, ರಸ್ತೆಬದಿಯಲ್ಲಿ ಬಿದ್ದು ಹಾಳಾಗುವ ಕಾಡುಮರದ ಬೀಜ ಆರಿಸಿ, ನರ್ಸರಿಯಲ್ಲಿ ಸಸಿ ಮಾಡಿ, ಮಳೆ ಹಿಡಿದ ಮೇಲೆ ನೆಟ್ಟಿತು. ಧೂಪ, ನಾಗಸಂಪಿಗೆ, ನೇರಳೆ, ಹಲಸು ಸೇರಿ ನೂರಕ್ಕೂ ಹೆಚ್ಚು ಜಾತಿಗಳು. ಒಂದೇ ಜಾತಿಯ ಸಾಲುಮರ ಬೇಡ, ಆ ಜಾಗದಲ್ಲಿ ಮೊದಲು ಇದ್ದ ಕಾಡೇ ಬರಲಿ ಎಂಬ ಹಠ ಅದು. ಇಂದು ಆ ತುಣುಕುಗಳಲ್ಲಿ ಸಿಂಗಳೀಕ, ಮಂಗಟ್ಟೆ, ಆನೆ, ಚಿರತೆ ಓಡಾಡುತ್ತವೆ. ಪುದುತೋಟಂ ಬಳಿ ರಸ್ತೆ ದಾಟುವಾಗ ಸಿಂಗಳೀಕಗಳು ವಾಹನಕ್ಕೆ ಸಿಕ್ಕು ಸಾಯದಿರಲೆಂದು ಮರದಿಂದ ಮರಕ್ಕೆ ಮೇಲುಸೇತುವೆ ಕಟ್ಟಲಾಗಿದೆ.

ಇದಕ್ಕೂ ಕೃಷಿಗೂ ಏನು ಸಂಬಂಧ? ಬಹಳ ಇದೆ. 2019ರಲ್ಲಿ ಆನಂದ್ ಓಸುರಿ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನವೊಂದು, ಹಾಗೇ ಬಿಟ್ಟ ಕಾಡಿನ ತುಣುಕಿಗಿಂತ ಕೈಯಾರೆ ನೆಟ್ಟು ಸಾಕಿದ ತುಣುಕಿನಲ್ಲಿ ಮರಜಾತಿಗಳೂ ಹೆಚ್ಚು, ಹಿಡಿದಿಟ್ಟ ಇಂಗಾಲವೂ ಹೆಚ್ಚು ಎಂದು ತೋರಿಸಿತು. ಮರುವರ್ಷ ಇದೇ ಬಳಗದ ಇನ್ನೊಂದು ಅಧ್ಯಯನ ಪಶ್ಚಿಮ ಘಟ್ಟದ ಸಹಜ ಕಾಡನ್ನು ತೇಗ, ನೀಲಗಿರಿ ನೆಡುತೋಪುಗಳ ಜೊತೆ ಹೋಲಿಸಿತು. ಬರಗಾಲದ ವರ್ಷಗಳಲ್ಲಿ ನೆಡುತೋಪುಗಳ ಇಂಗಾಲ ಹೀರುವ ಶಕ್ತಿ ಹೆಚ್ಚು ಏರುಪೇರಾಯಿತು. ಹಲವು ಜಾತಿ ಮರಗಳಿರುವ ಕಾಡು ಒಣಗಾಲದಲ್ಲೂ ತನ್ನ ಕೆಲಸವನ್ನು ಹೆಚ್ಚು ಸ್ಥಿರವಾಗಿ ಮುಂದುವರಿಸಿತು. ತೋಟಗಾರನಿಗೆ ಇದು ನೇರವಾಗಿ ತಟ್ಟುವ ವಿಷಯ. ಚಹಾದ ಮೇಲಿನ ನೆರಳಿಗೆ ಈಗ ಬಹುತೇಕ ಕಡೆ ಇರುವುದು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಒಂದೇ. ಅದರ ಜೊತೆ ಊರಿನ ಮರಗಳನ್ನೂ ಬೆರೆಸಿದರೆ ಉದುರೆಲೆ ನೆಲಕ್ಕೆ ಸೇರುತ್ತದೆ, ತೇವ ನಿಲ್ಲುತ್ತದೆ, ಹುಳ ತಿನ್ನುವ ಹಕ್ಕಿಗಳಿಗೆ ಕೂರಲು ಕೊಂಬೆ ಸಿಗುತ್ತದೆ. ಕೊಡಗು, ಚಿಕ್ಕಮಗಳೂರಿನ ಹಳೆಯ ಕಾಫಿ ಬೆಳೆಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅಲ್ಲೂ ಕಾಡುಮರ ಕಡಿದು ಸಿಲ್ವರ್ ಓಕ್ ನೆಡುವ ಚಾಳಿ ಹಬ್ಬಿದೆ ಎಂಬುದು ಬೇಸರದ ಸಂಗತಿ.

ಹಾಗಾದರೆ ರಾಸಾಯನಿಕ ಗೊಬ್ಬರವನ್ನು ಒಂದೇ ಏಟಿಗೆ ನಿಲ್ಲಿಸಿಬಿಟ್ಟರೆ? ಹಾಗೆ ಮಾಡಿದ ದೇಶ ಪಕ್ಕದಲ್ಲೇ ಇದೆ. 2021ರಲ್ಲಿ ಶ್ರೀಲಂಕಾದ ಅಧ್ಯಕ್ಷ ಗೋಟಬಯ ರಾಜಪಕ್ಸ ರಾಸಾಯನಿಕ ಗೊಬ್ಬರ, ಕೀಟನಾಶಕಗಳ ಆಮದನ್ನು ನಿಷೇಧಿಸಿದರು. ಹೊರಗೆ ಸಾವಯವದ ಘೋಷಣೆ. ಒಳಗೆ ಬರಿದಾಗುತ್ತಿದ್ದ ವಿದೇಶಿ ವಿನಿಮಯ. ಅಷ್ಟು ಕಾಂಪೋಸ್ಟ್ ಎಲ್ಲಿಂದ ಬರಬೇಕು, ರೈತ ಮೊದಲ ವರ್ಷ ಏನು ಮಾಡಬೇಕು ಎಂಬ ಸಿದ್ಧತೆ ಇರಲಿಲ್ಲ. ಭತ್ತ ಕುಸಿಯಿತು, ಚಹಾ ಕುಸಿಯಿತು. ನವೆಂಬರ್ ಹೊತ್ತಿಗೆ ನಿಷೇಧ ಹಿಂತೆಗೆದರೂ ತಡವಾಗಿತ್ತು. 2021ರಲ್ಲಿ ಸುಮಾರು 30 ಕೋಟಿ ಕಿಲೊ ಇದ್ದ ಚಹಾ ಉತ್ಪಾದನೆ 2022ರಲ್ಲಿ ಸುಮಾರು 25 ಕೋಟಿ ಕಿಲೊಗೆ ಇಳಿಯಿತು. ಆ ಹೊತ್ತಿಗೆ ಗೊಬ್ಬರ ಕೊಳ್ಳಲು ದೇಶದಲ್ಲಿ ಡಾಲರೂ ಇರಲಿಲ್ಲ. ಸಾವಯವ ಕೃಷಿ ಆಗದ ಮಾತು ಎನ್ನಲು ಈ ಉದಾಹರಣೆಯನ್ನು ಎತ್ತುವವರಿದ್ದಾರೆ. ಅದು ತಪ್ಪು ಓದು. ಮಣ್ಣಿನಲ್ಲಿ ಸಾವಯವ ಅಂಶ ಕೂಡಿಬರಲು ವರ್ಷಗಳು ಬೇಕು. ಆಳುವವರು ಆ ವರ್ಷಗಳನ್ನು ಒಂದು ಆದೇಶದಿಂದ ಹಾರಿಬಿಡಲು ಹೋದರು, ಸೋತರು.

ನಿಧಾನವಾಗಿ ಮಾಡಿದವರು ಭಾರತದಲ್ಲೇ ಇದ್ದಾರೆ. ಬಾಂಬೆ ಬರ್ಮಾ ಕಂಪನಿಯೇ ತಿರುನೆಲ್ವೇಲಿ ಜಿಲ್ಲೆಯ ಮಾಂಜೋಲೈ ಬೆಟ್ಟದ ಊತ್ತು ತೋಟದಲ್ಲಿ 1980ರ ದಶಕದ ಕೊನೆಯಿಂದ ಸಾವಯವ ಚಹಾ ಬೆಳೆದು ಹೆಸರು ಮಾಡಿತ್ತು. ವಾಲ್ಪಾರೈಯ ನೀರಾರ್ ಅಣೆಕಟ್ಟೆಯ ಬಳಿ ಉಪಾಸಿಯ ಚಹಾ ಸಂಶೋಧನಾ ಸಂಸ್ಥೆ ಇದೆ. 1893ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ತೋಟಗಾರರ ಸಂಘವೇ ಈ ಉಪಾಸಿ. ಮಣ್ಣು ಪರೀಕ್ಷೆ ಮಾಡಿ ಬೇಕಾದಷ್ಟೇ ಗೊಬ್ಬರ ಕೊಡುವುದು, ಚಹಾದ ಟೀ ಮಸ್ಕಿಟೊ ಕೀಟ, ಕೆಂಪು ನುಸಿಗಳನ್ನು ಕಡಿಮೆ ವಿಷದಲ್ಲಿ ಹತೋಟಿಗೆ ತರುವುದು ಇಂಥ ಸಂಸ್ಥೆಗಳ ನಿತ್ಯದ ದುಡಿಮೆ. ಯುರೋಪಿನ ಕೊಳ್ಳುವವರು ಎಲೆಯಲ್ಲಿ ಉಳಿಯುವ ಕೀಟನಾಶಕದ ಮಿತಿಯನ್ನು ಬಿಗಿ ಮಾಡಿದ ಮೇಲೆ ಈ ಕೆಲಸ ವ್ಯಾಪಾರಕ್ಕೂ ಬೇಕಾಯಿತು.

ಬೆಟ್ಟದ ಕೆಳಗೆ ತೆಂಗಿನಲ್ಲಿ ನಡೆದದ್ದು ಇನ್ನೂ ಸ್ಪಷ್ಟವಾದ ಪಾಠ. 2016ರಲ್ಲಿ ಪೊಲ್ಲಾಚಿಯ ತೋಟಗಳಲ್ಲಿ ಹೊಸದೊಂದು ಸುರುಳಿ ಬಿಳಿನೊಣ ಕಾಣಿಸಿಕೊಂಡಿತು. ಮಧ್ಯ ಅಮೆರಿಕ ಮೂಲದ ಕೀಟ; ಭಾರತದಲ್ಲಿ ಮೊದಲು ವರದಿಯಾದದ್ದು ಇಲ್ಲೇ. ಗರಿಯ ಅಡಿ ಬಿಳಿ ಸುರುಳಿ, ಕೆಳಗಿನ ಗರಿಗಳ ಮೇಲೆ ಕಪ್ಪು ಬೂಷ್ಟು. ಹೆದರಿದ ಕೆಲವರು ವಿಷ ಹೊಡೆದರು, ಹೊಡೆದಷ್ಟೂ ಅದು ಹೆಚ್ಚಿತು. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯ ವಿಜ್ಞಾನಿಗಳು ತೋಟ ಸುತ್ತಿ ನೋಡಿದಾಗ ಎನ್‌ಕಾರ್ಸಿಯ ಎಂಬ ಸಾಸಿವೆಗಿಂತ ಸಣ್ಣ ಕಣಜವೊಂದು ಈ ಬಿಳಿನೊಣದ ಮರಿಗಳೊಳಗೆ ಮೊಟ್ಟೆಯಿಟ್ಟು ಅವನ್ನು ಮುಗಿಸುತ್ತಿದ್ದದ್ದು ಕಂಡಿತು. ಸಿಂಪಡಿಸುವ ವಿಷ ಮೊದಲು ಕೊಲ್ಲುತ್ತಿದ್ದದ್ದು ಆ ಕಣಜವನ್ನೇ. ವಿಷ ನಿಲ್ಲಿಸಿ, ಕಣಜವಿರುವ ಗರಿಗಳನ್ನು ಇಲ್ಲದ ತೋಟಕ್ಕೆ ಒಯ್ದು ಕಟ್ಟಿ ಎಂಬುದು ಅವರ ಸಲಹೆ. ಕರ್ನಾಟಕದ ಕರಾವಳಿಗೂ ಕೀಟ ಹಬ್ಬಿದಾಗ ಅದೇ ಸಲಹೆ ಅಲ್ಲಿಯ ತೆಂಗಿಗೂ ಬಂತು. ಈ ಮದ್ದಿಗೆ ಹಡಗು ಬೇಡ, ಡಾಲರು ಬೇಡ. ತೋಟದಲ್ಲಿ ಏನು ನಡೆಯುತ್ತಿದೆ ಎಂದು ತಿಳಿದವರು ಬೇಕು.

ಇನ್ನು ಶಕ್ತಿಯ ಮಾತು. ಒಂದು ಕಿಲೊ ಚಹಾ ಪುಡಿಗೆ ನಾಲ್ಕೂವರೆ ಕಿಲೊದಷ್ಟು ಹಸಿ ಎಲೆ ಬೇಕು. ಉಳಿದದ್ದೆಲ್ಲ ನೀರು, ಆ ನೀರನ್ನು ಆರಿಸುವುದರಲ್ಲೇ ಫ್ಯಾಕ್ಟರಿಯ ಬಹುಪಾಲು ಶಕ್ತಿ ಹೋಗುತ್ತದೆ. ಎಲೆ ಬಾಡಿಸಲು ಬಿಸಿಗಾಳಿ, ಒಣಗಿಸಲು ಇನ್ನೂ ಬಿಸಿಗಾಳಿ. ವಾಲ್ಪಾರೈಯಲ್ಲಿ ಅದಕ್ಕೆ ಸೌದೆ ಉರಿಯುತ್ತದೆ. ಎಸ್ಟೇಟುಗಳಲ್ಲಿ ಕಾಣುವ ನೀಲಗಿರಿ ತೋಪುಗಳು ನಿಂತಿರುವುದು ಒಲೆಗಾಗಿಯೇ. ಸೌರ ಫಲಕ ಹಾಕಿದರೆ ಮೋಟಾರುಗಳು ತಿರುಗಬಹುದು, ಒಣಗಿಸುವ ಶಾಖಕ್ಕೆ ಸೌದೆ ತಪ್ಪುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ಈ ಬೆಟ್ಟದಲ್ಲಿ ಬಿಸಿಲೂ ಕಡಿಮೆ. ಹಾಗಾಗಿ ಇಲ್ಲಿ ಶುದ್ಧ ಇಂಧನದ ಮೊದಲ ಹೆಜ್ಜೆ ಸೌದೆಯ ಉಳಿತಾಯ: ಒಲೆಯಿಂದ ಸೋರುವ ಶಾಖವನ್ನು ಮತ್ತೆ ಬಳಸುವುದು, ಹಸಿ ಸೌದೆಯ ಬದಲು ಒಣಗಿದ ಸೌದೆ ಉರಿಸುವುದು. ಒಂದು ಎಕರೆ ಸೌದೆತೋಪು ಕಡಿಮೆ ಸಾಕಾದರೆ ಆ ಒಂದು ಎಕರೆಯಲ್ಲಿ ಕಾಡು ಎಬ್ಬಿಸಬಹುದು.

ಅದೇ ಮೋಡದ ತಿಂಗಳುಗಳಲ್ಲಿ ಕೆಳಗಿನ ಬಯಲಿನಲ್ಲಿ ಗಾಳಿ ಭೋರ್ಗರೆಯುತ್ತದೆ. ಪಶ್ಚಿಮ ಘಟ್ಟದ ಉದ್ದನೆಯ ಗೋಡೆಯಲ್ಲಿ ಇರುವ ದೊಡ್ಡ ಕಿಂಡಿ ಪಾಲಕ್ಕಾಡ್ ಕಣಿವೆ. ನೈಋತ್ಯ ಮಾರುತ ಅದರೊಳಗಿಂದ ನುಗ್ಗಿ ಪೊಲ್ಲಾಚಿ, ಉಡುಮಲೈಪೇಟೆ, ಪಲ್ಲಡಂ, ಧಾರಾಪುರಂ ಬಯಲಿಗೆ ಬೀಳುತ್ತದೆ. ಗಾಳಿಯಿಂದ ವಿದ್ಯುತ್ ತೆಗೆಯುವ ಕೆಲಸ ತಮಿಳುನಾಡಿನಲ್ಲಿ 1986ರಲ್ಲೇ ಶುರುವಾಯಿತು. ಇಂದು ಆ ರಾಜ್ಯದ ಪವನ ವಿದ್ಯುತ್ ಸಾಮರ್ಥ್ಯ 11,000 ಮೆಗಾವಾಟ್ ಮೀರಿದೆ. ಕೊಯಮತ್ತೂರಿನ ನೂಲಿನ ಮಿಲ್ಲುಗಳು, ತಿರುಪ್ಪೂರಿನ ಬನಿಯನ್ ಕಂಪನಿಗಳು ಬಯಲಿನಲ್ಲಿ ತಮ್ಮದೇ ಗಾಳಿಯಂತ್ರ ನಿಲ್ಲಿಸಿ, ಗ್ರಿಡ್ಡಿಗೆ ಕೊಟ್ಟ ಯೂನಿಟ್ಟನ್ನು ತಮ್ಮ ಬಿಲ್ಲಿನಲ್ಲಿ ಕಳೆದುಕೊಳ್ಳುತ್ತವೆ. ಅಮೆರಿಕದ ಬಾಗಿಲು ಅರ್ಧ ಮುಚ್ಚಿದಾಗ ಯುರೋಪಿನ ಗಿರಾಕಿಯ ಮುಂದೆ ಇಡಲು ತಿರುಪ್ಪೂರಿನ ಬಳಿ ಇರುವ ಗಟ್ಟಿ ಮಾತು ಇದೇ. ಬಟ್ಟೆಗೆ ಬಳಸಿದ ವಿದ್ಯುತ್ ಗಾಳಿಯದು, ಬಣ್ಣದ ನೀರು ನದಿಗೆ ಬಿಡುವುದಿಲ್ಲ. ಎರಡನೆಯದು ತಾನಾಗಿ ಬಂದದ್ದಲ್ಲ. ನೊಯ್ಯಲ್ ನದಿ ಹಾಳಾದ ಮೇಲೆ ರೈತರು ನ್ಯಾಯಾಲಯಕ್ಕೆ ಹೋದರು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿತು. ನೀರನ್ನು ಪೂರ್ತಿ ಶುದ್ಧಮಾಡಿ ಮರುಬಳಸುವ ವ್ಯವಸ್ಥೆ ಸರಿಯಾಗಿ ನೆಲೆಗೊಂಡದ್ದು ಆಮೇಲೆ.

ಕಂಪನಿಗಳಷ್ಟೇ ಅಲ್ಲ, ಒಂದು ಗ್ರಾಮ ಪಂಚಾಯಿತಿಯೂ ಗಾಳಿಯಂತ್ರ ಕೊಂಡ ಕಥೆ ಇಲ್ಲಿದೆ. ನೀಲಗಿರಿಯ ಬುಡದ ಮೇಟ್ಟುಪಾಳ್ಯಂ ಬಳಿ ಓಡಂತುರೈ. ಸಿರುಮುಗೈಯ ದೇವಾಂಗ ನೇಕಾರರ ಮನೆಗಳಲ್ಲಿ ಇಂದಿಗೂ ಕನ್ನಡ ಮಾತು ಕೇಳಿಸುವ ಸೀಮೆ ಅದು. ಓಡಂತುರೈ ಪಂಚಾಯಿತಿಗೆ ಬೀದಿದೀಪ, ಕುಡಿಯುವ ನೀರಿನ ಪಂಪಿನ ಕರೆಂಟ್ ಬಿಲ್ಲೇ ದೊಡ್ಡ ತಲೆನೋವಾಗಿತ್ತು. ಆಗ ಅಧ್ಯಕ್ಷರಾಗಿದ್ದ ಆರ್. ಷಣ್ಮುಗಂ ಮೊದಲು ಮರದ ಚೂರು ಉರಿಸುವ ಗ್ಯಾಸಿಫೈಯರ್‌ನಿಂದ ಪಂಪು ಓಡಿಸಿ ನೋಡಿದರು. 2006ರಲ್ಲಿ ಪಂಚಾಯಿತಿಯ ಉಳಿತಾಯಕ್ಕೆ ಬ್ಯಾಂಕ್ ಸಾಲ ಸೇರಿಸಿ, 1.55 ಕೋಟಿ ರೂಪಾಯಿಗೆ 350 ಕಿಲೊವಾಟ್‌ನ ಗಾಳಿಯಂತ್ರ ಕೊಂಡು ಉಡುಮಲೈಪೇಟೆ ಬಳಿಯ ಮೈವಾಡಿಯಲ್ಲಿ ನಿಲ್ಲಿಸಿದರು. ವರ್ಷಕ್ಕೆ 6.75 ಲಕ್ಷ ಯೂನಿಟ್ ಲೆಕ್ಕ. ಊರಿನ ಖರ್ಚು ಕಳೆದು ಉಳಿದದ್ದನ್ನು ವಿದ್ಯುತ್ ಮಂಡಳಿಗೆ ಮಾರಿ ಸಾಲ ತೀರಿಸಿದರು. ಸೂರ್ಯ, ಗಾಳಿ ಎಂದರೆ ಸಾವಿರಾರು ಎಕರೆಯ ದೊಡ್ಡ ಪಾರ್ಕು ಎಂದಷ್ಟೇ ನಾವು ತಿಳಿಯುವಂತಾಗಿದೆ. ಪಾವಗಡದ 13,000 ಎಕರೆಯ ಸೋಲಾರ್ ಪಾರ್ಕಿನಲ್ಲಿ ರೈತನಿಗೆ ನೆಲದ ಬಾಡಿಗೆ ಬರುತ್ತದೆ, ಫಲಕಗಳ ಒಡೆತನ ಕಂಪನಿಗಳದು. ಓಡಂತುರೈಯಲ್ಲಿ ಯಂತ್ರದ ಒಡೆಯ ಊರೇ. ಈ ಮಾದರಿ ನೂರಾರು ಪಂಚಾಯಿತಿಗಳಿಗೆ ಯಾಕೆ ಹಬ್ಬಲಿಲ್ಲ ಎಂದು ತಮಿಳುನಾಡು, ಕರ್ನಾಟಕ ಎರಡೂ ರಾಜ್ಯಗಳ ಸರ್ಕಾರಗಳನ್ನು ಕೇಳಬೇಕಾಗಿದೆ.

ಗಾಳಿ ಬೀಸುವುದು ಅದರ ಹೊತ್ತಿಗೆ. ದೀಪ ಬೇಕಾಗುವುದು ನಮ್ಮ ಹೊತ್ತಿಗೆ. ನಡುವಿನ ಅಂತರ ತುಂಬುವ ಯಂತ್ರ ವಾಲ್ಪಾರೈ ಘಾಟಿಯ ಪಕ್ಕದಲ್ಲೇ ನೆಲದಡಿ ಇದೆ. ಅದು ಕಡಂಪಾರೈ. 1987ರಿಂದ 1989ರ ನಡುವೆ ಶುರುವಾದ ನಾಲ್ಕು ಘಟಕ, ತಲಾ 100 ಮೆಗಾವಾಟ್. ವಿದ್ಯುತ್ ಹೆಚ್ಚಿರುವಾಗ ಕೆಳಗಿನ ಮೇಲ್ ಆಳಿಯಾರ್ ಜಲಾಶಯದ ನೀರನ್ನು ಮೇಲಿನ ಕಡಂಪಾರೈ ಜಲಾಶಯಕ್ಕೆ ಏರಿಸುತ್ತದೆ. ಸಂಜೆ ಎಲ್ಲರೂ ಒಟ್ಟಿಗೆ ಗುಂಡಿ ಒತ್ತಿದಾಗ ಅದೇ ನೀರು ಇಳಿದು ಟರ್ಬೈನ್ ತಿರುಗಿಸುತ್ತದೆ. ಏರಿಸಲು ತಿಂದ ನಾಲ್ಕು ಯೂನಿಟ್ಟಿಗೆ ಮೂರು ಯೂನಿಟ್ ಹಿಂದಿರುಗಿದಂತೆ. ಒಂದು ಪಾಲು ನಷ್ಟ, ನಿಜ. ಆದರೆ ಗಾಳಿ ಹೆಚ್ಚಾದಾಗ ಯಂತ್ರ ನಿಲ್ಲಿಸಿದರೆ ನಾಲ್ಕೂ ನಷ್ಟ. ಕಟ್ಟಿದ ಕಾಲದಲ್ಲಿ ರಾತ್ರಿಯ ಕಲ್ಲಿದ್ದಲು ವಿದ್ಯುತ್ತನ್ನು ಕೂಡಿಡಲು ಯೋಚಿಸಿದ ಸ್ಥಾವರ ಈಗ ಗಾಳಿ ಮತ್ತು ಬಿಸಿಲಿಗೆ ಒದಗುತ್ತಿದೆ. 2025ರ ಜೂನ್ ಹೊತ್ತಿಗೆ ಭಾರತದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧ ಪಳೆಯುಳಿಕೆಯೇತರ ಮೂಲದ್ದಾಯಿತು. ಪ್ಯಾರಿಸ್ ಒಪ್ಪಂದದಡಿ ಭಾರತ ಹೇಳಿದ್ದ 2030ಕ್ಕಿಂತ ಐದು ವರ್ಷ ಮೊದಲೇ. ಸಾಮರ್ಥ್ಯ ಅರ್ಧವಾದರೂ ಉರಿಯುವ ಯೂನಿಟ್ಟುಗಳಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದು. ಆ ಅಂತರ ಕಿರಿದಾಗಬೇಕಾದರೆ ಕೂಡಿಡುವ ವ್ಯವಸ್ಥೆ ಬೇಕು. ಬ್ಯಾಟರಿಯನ್ನೇ ನಂಬೋಣವೆಂದರೆ ಅದರ ಸಾಮಗ್ರಿ, ಸೌರ ಫಲಕದ ಬಹುಪಾಲು ಭಾಗಗಳು ಚೀನಾದ ಹಿಡಿತದಲ್ಲಿವೆ. 2025ರ ಏಪ್ರಿಲ್‌ನಲ್ಲಿ ಆ ದೇಶ ಅಪರೂಪದ ಖನಿಜಗಳ ರಫ್ತಿಗೆ ಲಗಾಮು ಹಾಕಿದಾಗ ಗಾಳಿಯಂತ್ರ, ವಿದ್ಯುತ್ ವಾಹನ ಮಾಡುವವರೆಲ್ಲ ಕಂಗೆಟ್ಟರು.

ಹಾಗೆಂದು ಎಲ್ಲ ಕಣಿವೆಯಲ್ಲೂ ಒಂದೊಂದು ಕಡಂಪಾರೈ ಕಟ್ಟಬೇಕೇ? ಕನ್ನಡಿಗರಿಗೆ ಇದು ಮನೆಯಂಗಳದ ಪ್ರಶ್ನೆ. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳನ್ನು ಜೋಡಿಸಿ 2,000 ಮೆಗಾವಾಟ್‌ನ ಇಂಥದೇ ಪಂಪ್ಡ್ ಸ್ಟೋರೇಜ್ ಸ್ಥಾವರ ಮಾಡುವ ಯೋಜನೆ ಸಿಂಗಳೀಕಗಳ ಅಭಯಾರಣ್ಯದೊಳಗೇ ಬರುತ್ತದೆ. ಜಲಾಶಯಗಳು ಹಳೆಯವೇ. ಆದರೆ ಸುರಂಗ, ರಸ್ತೆ, ಮಣ್ಣು ಸುರಿಯುವ ಜಾಗಕ್ಕೆ ಸುಮಾರು 54 ಹೆಕ್ಟೇರ್ ಕಾಡು, 15,000ಕ್ಕೂ ಹೆಚ್ಚು ಮರ ಹೋಗಬೇಕು. ಹೆಚ್ಚಾಗಿ ಕೊಂಬೆಯಿಂದ ಕೊಂಬೆಗೇ ಸಾಗುವ ಸಿಂಗಳೀಕಕ್ಕೆ ಮೇಲ್ಛಾವಣಿ ತುಂಡಾದರೆ ಬದುಕೇ ತುಂಡಾಗುತ್ತದೆ. ಇಪ್ಪತ್ತು ವರ್ಷ ಶ್ರಮಪಟ್ಟರೂ ವಾಲ್ಪಾರೈಯಲ್ಲಿ ಮರಳಿ ಬಂದಿರುವುದು ಎಳೆಯ ಕಾಡು. ಶರಾವತಿಯಲ್ಲಿ ಬೆಳೆದ ಕಾಡು ಈಗಾಗಲೇ ನಿಂತಿದೆ. ಕೂಡಿಡುವ ಸ್ಥಾವರಕ್ಕೆ ಬಂಜರು ಗುಡ್ಡ, ಬರಿದಾದ ಗಣಿಹೊಂಡಗಳನ್ನು ಮೊದಲು ಹುಡುಕಿ ಮುಗಿಸದೆ ಈ ಕಾಡಿಗೆ ಕೈ ಹಾಕುವುದು ಒಪ್ಪುವ ಮಾತಲ್ಲ.

ಇಷ್ಟೆಲ್ಲದರ ನಡುವೆ ಚಿಗುರು ಚಿವುಟುವವರ ಮಾತು ಹಿಂದೆ ಬೀಳುತ್ತದೆ. ವಾಲ್ಪಾರೈಯ ತೋಟಗಳಿಂದ ಹಳೆಯ ಕುಟುಂಬಗಳ ಮಕ್ಕಳು ಕೊಯಮತ್ತೂರು, ತಿರುಪ್ಪೂರಿಗೆ ಇಳಿದುಹೋಗಿದ್ದಾರೆ. ಅವರ ಜಾಗದಲ್ಲಿ ಜಾರ್ಖಂಡ್, ಅಸ್ಸಾಂನಿಂದ ಬಂದವರು ದುಡಿಯುತ್ತಾರೆ. ಕಾಡಿನಂಚಿನ ಲೈನ್‌ಮನೆಗಳಲ್ಲಿ 2024 ಮತ್ತು 2025ರಲ್ಲಿ ಅಂಥ ಕುಟುಂಬಗಳ ಪುಟ್ಟ ಮಕ್ಕಳು ಚಿರತೆಗೆ ಬಲಿಯಾದರು. ಬೆಳಕು, ಮನೆಯೊಳಗಿನ ಶೌಚಾಲಯ, ಮಕ್ಕಳನ್ನು ನೋಡಿಕೊಳ್ಳುವ ಜಾಗ ಇಲ್ಲದ ತೋಟಕ್ಕೆ ಯಾವ ಹಸಿರು ಪ್ರಮಾಣಪತ್ರ ಸಿಕ್ಕರೂ ಅದು ಅಪೂರ್ಣ. ಮಾಂಜೋಲೈಯಲ್ಲಿ ಆದದ್ದನ್ನೂ ಮರೆಯಬಾರದು. ಅಲ್ಲಿನ ತೋಟಗಳ 99 ವರ್ಷದ ಗುತ್ತಿಗೆ 2028ಕ್ಕೆ ಮುಗಿಯುವುದರಿಂದ ನೆಲ ಹುಲಿ ಸಂರಕ್ಷಿತ ಕಾಡಿಗೆ ಮರಳಬೇಕು. 2024ರಲ್ಲಿ ಕೆಲಸ ನಿಂತಾಗ ನಾಲ್ಕೈದು ತಲೆಮಾರು ಅಲ್ಲೇ ಹುಟ್ಟಿ ಬೆಳೆದ ಕಾರ್ಮಿಕರು ಎಲ್ಲಿಗೆ ಹೋಗುವುದೆಂದು ತಿಳಿಯದೆ ನ್ಯಾಯಾಲಯದ ಮೆಟ್ಟಿಲೇರಿದರು. ಸಾವಯವ ಚಹಾದ ಊತ್ತು ತೋಟದವರೂ ಅವರಲ್ಲಿದ್ದರು.

ಜನರನ್ನು ಲೆಕ್ಕಕ್ಕೆ ಹಿಡಿದು ಮಾಡಿದ ಕೆಲಸ ಹೇಗಿರುತ್ತದೆ ಎಂಬುದಕ್ಕೂ ವಾಲ್ಪಾರೈಯಲ್ಲೇ ಸಾಕ್ಷಿ ಇದೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಎಂ. ಆನಂದ ಕುಮಾರ್ ಮತ್ತು ತಂಡ ಆನೆಗಳು ಎಲ್ಲಿವೆ ಎಂಬ ಸುದ್ದಿಯನ್ನು ಸ್ಥಳೀಯ ಕೇಬಲ್ ಟಿ.ವಿ.ಯಲ್ಲಿ, ಮೊಬೈಲ್ ಸಂದೇಶದಲ್ಲಿ, ರಸ್ತೆ ಕೂಡುವಲ್ಲಿ ಹೊತ್ತಿಕೊಳ್ಳುವ ಕೆಂಪು ದೀಪದಲ್ಲಿ ಜನರಿಗೆ ತಲುಪಿಸಿತು. ಕತ್ತಲಲ್ಲಿ ಅರಿವಿಲ್ಲದೆ ಆನೆಗೆ ಎದುರಾಗಿ ಸಾಯುವವರ ಸಂಖ್ಯೆ ಇಳಿಯಿತು. ಆ ಕೆಲಸಕ್ಕೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. 2017ರಿಂದ ಅರಣ್ಯ ಇಲಾಖೆಯ ಜೊತೆಗೂಡಿ ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಿಗೂ ಈ ವ್ಯವಸ್ಥೆಯನ್ನು ತಂದರು.

ಮುಂದಿನ ಪರೀಕ್ಷೆ ಕಾಫಿಯದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೊ, ರಬ್ಬರನ್ನು ಕೊಳ್ಳುವುದಿಲ್ಲ ಎಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಜಾರಿಯನ್ನು ಎರಡು ಸಲ ಮುಂದೂಡಿ 2026ರ ಡಿಸೆಂಬರ್‌ಗೆ ಒಯ್ದಿದೆ. ವಾಲ್ಪಾರೈಯಿಂದ ಕೊಡಗಿನವರೆಗೆ ಪ್ರತಿ ತೋಟ ಎಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ ತೋರಿಸಬೇಕು. ದೊಡ್ಡ ಎಸ್ಟೇಟಿಗೆ ಇದು ಕಚೇರಿಯ ಕೆಲಸ, ಎರಡೆಕರೆಯ ಬೆಳೆಗಾರನಿಗೆ ಹೊಸ ಹೊರೆ. ನೆರಳುಮರ ಉಳಿಸಿಕೊಂಡ ನಮ್ಮ ಬೆಳೆಗಾರರು ಈ ಪರೀಕ್ಷೆಯಲ್ಲಿ ಗೆಲ್ಲಬಲ್ಲರು, ಕಾಗದಪತ್ರದಲ್ಲಿ ಸೋಲದಂತೆ ಕಾಫಿ ಮಂಡಳಿ ಕೈ ಹಿಡಿದರೆ.

ಹಣದ ಲೆಕ್ಕವೂ ಹೇಳಬೇಕು. ಚಹಾ, ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಸಾವಯವ ಪ್ರಮಾಣಪತ್ರ ಬೇಕೆಂದರೆ ಮೂರು ವರ್ಷದ ಪರಿವರ್ತನೆಯ ಅವಧಿ ದಾಟಬೇಕು. ಇಳುವರಿ ಇಳಿಯುವುದೂ ಆಗಲೇ, ಹೆಚ್ಚಿನ ಬೆಲೆ ಸಿಗದಿರುವುದೂ ಆಗಲೇ. 2015ರಲ್ಲಿ ಶುರುವಾದ ಪರಂಪರಾಗತ ಕೃಷಿ ವಿಕಾಸ ಯೋಜನೆ ಆ ಮೂರು ವರ್ಷಕ್ಕೆ ಸೇರಿ ಹೆಕ್ಟೇರಿಗೆ 31,500 ರೂಪಾಯಿ ಕೊಡುತ್ತದೆ. ಅದರಲ್ಲಿ ಗುಂಪು ಕಟ್ಟುವ, ತರಬೇತಿಯ, ಪ್ರಮಾಣಪತ್ರದ ಖರ್ಚೂ ಸೇರಿದೆ. ಇನ್ನೊಂದು ಕಡೆ, ಒಂದೇ ಯುದ್ಧದ ವರ್ಷದಲ್ಲಿ ರಾಸಾಯನಿಕ ಗೊಬ್ಬರದ ಬೆಲೆ ತಡೆಯಲು ದೇಶ 2.5 ಲಕ್ಷ ಕೋಟಿ ಕೊಟ್ಟಿದೆ. ಆ ಸಬ್ಸಿಡಿಯನ್ನು ನಾಳೆಯೇ ಕಿತ್ತುಹಾಕಿ ಎನ್ನುವುದು ಶ್ರೀಲಂಕಾದ ದಾರಿ. ಅದರ ನೂರರಲ್ಲಿ ನಾಲ್ಕು ಪಾಲನ್ನು ಮಣ್ಣು ಕಟ್ಟಲು ಹೊರಟ ರೈತನ ಮೂರು ವರ್ಷಕ್ಕೆಂದು ತೆಗೆದಿಟ್ಟರೂ ಅದು 10,000 ಕೋಟಿ ರೂಪಾಯಿ. ಮುಂದಿನ ಬಜೆಟ್ಟಿನಲ್ಲಿ ಇಷ್ಟನ್ನು ಕೇಳಲು ವಾಲ್ಪಾರೈಯ ತೋಟದವರಿಗೂ ಪೊಲ್ಲಾಚಿಯ ತೆಂಗಿನವರಿಗೂ ಮಲೆನಾಡಿನ ಅಡಿಕೆ, ಕಾಫಿಯವರಿಗೂ ಸಮಾನ ಕಾರಣವಿದೆ.